ಮಗುವಿನ ಗಮನ: ಜೀನ್ ಎಷ್ಟು, ಕಬ್ಬಿಣ ಎಷ್ಟು?

‘ಕೂತಲ್ಲಿ ಕೂರಲ್ಲ, ಹೇಳಿದ್ದು ತಲೆಗೆ ಹತ್ತಲ್ಲ’ ಎಂದು ಹೇಳಿಕೊಳ್ಳುವ ಅಪ್ಪ ಅಮ್ಮಂದಿರಿಗೆ ಕೋಲಾರದಲ್ಲಿ ಈಗ ಮೂರು ಬಗೆಯ ಉತ್ತರ ಸಿಗುತ್ತದೆ. ಮೊಬೈಲ್ ಕಿತ್ತಿಡಿ ಎನ್ನುವವರು ಕೆಲವರು. ವಂಶದಲ್ಲೇ ಬಂದಿದೆ, ಬಿಡಿ ಎನ್ನುವವರು ಇನ್ನು ಕೆಲವರು. ಮೆದುಳಿನಲ್ಲಿ ನರಕೋಶದಿಂದ ನರಕೋಶಕ್ಕೆ ಸಂದೇಶ ಒಯ್ಯುವ ಡೋಪಮೈನ್ ಕಡಿಮೆ, ಮಾತ್ರೆ ಬೇಕು ಎನ್ನುವುದು ಮೂರನೆಯದು. ಮೂರರಲ್ಲೂ ಚೂರುಪಾರು ನಿಜ ಇದೆ. ಗೊಂದಲವಾಗಿರುವುದೂ ಅದರಿಂದಲೇ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳಲ್ಲಿ ನೈತಿಕ ಹಿಡಿತವೇ ಸಡಿಲ ಎಂದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಉತ್ತೇಜಕ ಔಷಧ ಕೊಟ್ಟಾಗ ಹಲವು ಮಕ್ಕಳು ಪಾಠದತ್ತ ತಿರುಗಿದರು. 1987ರ ಹೊತ್ತಿಗೆ ಈ ತೊಂದರೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂಬ ಹೆಸರು ನಿಂತಿತು.

ನಂತರ ಜೀನ್‌ಗಳ ಬೇಟೆ. 1995-96ರಲ್ಲಿ ಎರಡು ಜೀನ್‌ಗಳಿಗೆ ಹೆಸರು ಬಂತು. ಒಂದು ಡೋಪಮೈನನ್ನು ಹೀರಿ ಒಳಗೆಳೆಯುವ ಪ್ರೋಟೀನಿನದು, ಇನ್ನೊಂದು ಡೋಪಮೈನ್ ಬಂದು ಕೂರುವ ಗ್ರಾಹಕದ್ದು. ‘ಗಮನದ ಜೀನ್ ಸಿಕ್ಕಿತು’ ಎಂಬ ಮಾತು ಅಲ್ಲಿಂದ ಶುರು. ಅದು ಬಹುಕಾಲ ನಿಲ್ಲಲಿಲ್ಲ. 2019ರಲ್ಲಿ 20,183 ರೋಗಿಗಳ ಇಡೀ ಜೀನೋಮ್ ಜಾಲಾಡಿದಾಗ ಎಡಿಎಚ್‌ಡಿಗೆ ನಂಟಿರುವ 12 ಜಾಗಗಳು ಸಿಕ್ಕವು. 2023ರಲ್ಲಿ 38,691 ರೋಗಿಗಳನ್ನು ನೋಡಿದಾಗ 27. ಪ್ರತಿಯೊಂದರ ಪ್ರಭಾವವೂ ಸಾಸಿವೆಯಷ್ಟು. ಹಾಗಾಗಿ ಎಂಜಲು ಕಳಿಸಿ ಜೀನ್ ಪರೀಕ್ಷೆ ಮಾಡಿಸಿ ಎಡಿಎಚ್‌ಡಿ ಇದೆಯೋ ಇಲ್ಲವೋ ಹೇಳುವುದು ಈಗಲೂ ಆಗದ ಕೆಲಸ.

ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟು ಹಾಕಿದಾಗ, ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಂದು ಸಿಕ್ಕ ಸಂಖ್ಯೆ ಸುಮಾರು 74%. ಅಪ್ಪನಿಗಿದ್ದರೆ ಮಗನಿಗೆ ಬರುವ ಸಾಧ್ಯತೆ 74% ಎಂದು ಇದನ್ನು ಓದುವವರಿದ್ದಾರೆ. ಅದು ತಪ್ಪು. ಒಂದೇ ನೀರು, ಒಂದೇ ಗೊಬ್ಬರದ ಹೊಲದಲ್ಲಿ ರಾಗಿ ಪೈರು ಎತ್ತರ ತಗ್ಗಾದರೆ ವ್ಯತ್ಯಾಸದ ಬಹುಪಾಲು ಬೀಜದ್ದು. ಅರ್ಧ ಹೊಲಕ್ಕೆ ನೀರು ಹತ್ತದಿದ್ದರೆ? ಅದೇ ಬೀಜ, ಆದರೆ ಲೆಕ್ಕ ಬೇರೆ. 74 ಎಂಬುದು ಹೆಚ್ಚಾಗಿ ಯುರೋಪು, ಅಮೆರಿಕದಂಥ ನೀರು ಹತ್ತಿದ ಹೊಲಗಳ ಲೆಕ್ಕ. ಅದನ್ನು ರಕ್ತಹೀನತೆ ಮಾಮೂಲಾಗಿರುವ ನಮ್ಮ ಕಡೆಯ ಮಕ್ಕಳಿಗೆ ಹಾಗೇ ಅನ್ವಯಿಸುವುದು ಅವಸರವಾಗುತ್ತದೆ.

ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಡೋಪಮೈನ್ ಮಾಡುವ ಮೊದಲ ಹಂತದ ಕಿಣ್ವ ಕಬ್ಬಿಣವಿಲ್ಲದೆ ಕೆಲಸ ಮಾಡದು. ಹಿಮೋಗ್ಲೋಬಿನ್ 11.5 ದಾಟಿದರೆ ಐದರಿಂದ ಹನ್ನೊಂದರ ಮಗುವಿಗೆ ರಕ್ತ ಸರಿಯಿದೆ ಎನ್ನುತ್ತಾರೆ. ಆದರೆ ದೇಹದ ಕಬ್ಬಿಣದ ದಾಸ್ತಾನು ಬರಿದಾದ ಮೇಲೇ ಹಿಮೋಗ್ಲೋಬಿನ್ ಇಳಿಯುವುದು. ದಾಸ್ತಾನು ತಿಳಿಯಲು ರಕ್ತದಲ್ಲಿ ಫೆರಿಟಿನ್ ಎಂಬ ಪ್ರೋಟೀನ್ ನೋಡಬೇಕು. ಜ್ವರ, ಸೋಂಕು ಇದ್ದಾಗ ಅದು ಸುಳ್ಳೇ ಏರುತ್ತದೆ, ಆಗ ಮಾಡಿಸಿ ಪ್ರಯೋಜನವಿಲ್ಲ. ಶಾಲೆಯಲ್ಲಿ ಐದರಿಂದ ಹತ್ತರ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ಗುಲಾಬಿ ಮಾತ್ರೆಯಲ್ಲಿ 45 ಮಿಗ್ರಾಂ ಕಬ್ಬಿಣವಿದೆ. ಅದನ್ನು ಕ್ಷೀರಭಾಗ್ಯದ ಹಾಲಿನ ಜೊತೆಗೋ ಟೀ ಜೊತೆಗೋ ನುಂಗಿಸಿದರೆ ಹೀರಿಕೆ ಕುಸಿಯುತ್ತದೆ. ಊಟವಾದ ಮೇಲೆ ನೀರಲ್ಲಿ ನುಂಗಲಿ, ಊಟಕ್ಕೆ ನಿಂಬೆಹಣ್ಣು ಹಿಂಡಿದ್ದರೆ ಇನ್ನೂ ಒಳ್ಳೆಯದು. ಕಬ್ಬಿಣ ತುಂಬಿಸಿದ ಮಾತ್ರಕ್ಕೆ ಎಡಿಎಚ್‌ಡಿ ಹೋಗುತ್ತದೆಂದಲ್ಲ. ಅದರ ಹಾಗೆ ಕಾಣುವ ಒಂದು ಕಾರಣ ಪಟ್ಟಿಯಿಂದ ಹೋಗುತ್ತದೆ.

ಇನ್ನು ಎಡಿಎಚ್‌ಡಿಗೆ ಕೊಡುವ ಮಾತ್ರೆಯ ವಿಷಯ. ಹಣೆಯ ಹಿಂದಿನ ಮೆದುಳಿಗೆ ಡೋಪಮೈನ್, ಅದರಂಥದೇ ನಾರ್‌ಅಡ್ರಿನಲಿನ್ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಇವೆರಡನ್ನೂ ಏರಿಸುವ ಉತ್ತೇಜಕ ಔಷಧ ಮೀಥೈಲ್‌ಫೆನಿಡೇಟನ್ನು ಸಾಮಾನ್ಯವಾಗಿ 5 ಮಿಗ್ರಾಂನಿಂದ ಶುರು ಮಾಡಿ ವಾರ ವಾರ ನೋಡಿ ಏರಿಸುವುದು ಅದಕ್ಕೇ. ಮೊದಲು ನಾಡಿ, ರಕ್ತದೊತ್ತಡ, ಎತ್ತರ, ತೂಕ ಬರೆದಿಡಬೇಕು. ಮನೆಯಲ್ಲಿ ಹೃದ್ರೋಗವಿದೆಯೇ ಕೇಳಬೇಕು. ಸಾದಾ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯಷ್ಟೇ. ಹಸಿವು ಸಾಯುತ್ತದೆ, ಆದ್ದರಿಂದ ತಿಂಡಿ ಮೊದಲು, ಮಾತ್ರೆ ಆಮೇಲೆ. ಸಂಜೆ ಕೊಟ್ಟರೆ ನಿದ್ದೆ ಹೋಗುತ್ತದೆ. ‘ಮಾತ್ರೆಗೆ ಸರಿಹೋದ, ಹಾಗಾದರೆ ಕಾಯಿಲೆ ಇದ್ದದ್ದೇ ನಿಜ’ ಎಂಬ ತರ್ಕವೂ ಪೊಳ್ಳು: 1978ರಲ್ಲೇ ಜುಡಿತ್ ರಾಪಪೋರ್ಟ್ ತಂಡ ಆರೋಗ್ಯವಂತ ಹುಡುಗರಲ್ಲೂ ಉತ್ತೇಜಕದಿಂದ ಗಮನ ಹೆಚ್ಚುವುದನ್ನು ತೋರಿಸಿತ್ತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ಶಾಲೆಗೆ ಬರುವ ತಂಡ ಅನುಮಾನ ಬಂದರೆ ಮಗುವನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಒಂದೇ ಭೇಟಿಯಲ್ಲಿ ಇದು ತೀರ್ಮಾನವಾಗುವ ವಿಷಯವಲ್ಲ ಎಂಬುದು ಮಾತ್ರ ಬೇಗ ಮರೆತುಹೋಗುತ್ತದೆ. ಒಂಬತ್ತರಲ್ಲಿ ಆರು ಲಕ್ಷಣ, ಆರು ತಿಂಗಳು, ಮನೆ ಶಾಲೆ ಎರಡರಲ್ಲೂ, ಹನ್ನೆರಡು ತುಂಬುವ ಮೊದಲೇ ಶುರು: ಇದು ಅಮೆರಿಕದ ಮನೋವೈದ್ಯರ ಸಂಘದ 2013ರ ಅಳತೆ. ಅದಕ್ಕೂ ಮೊದಲು ಕಣ್ಣು, ಕಿವಿ, ನಿದ್ದೆ, ಫೆರಿಟಿನ್. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದಾಗಿರುವ ಮಗುವಿಗೆ ಈ ಹೆಸರು ಸುಲಭವಾಗಿ ಅಂಟುತ್ತದೆ, ಹುಟ್ಟಿದ ತಿಂಗಳನ್ನೂ ನೋಡಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇನ್ನೊಂದನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ತೆಲುಗು, ಬಯಲಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವ ಎರಡನೇ ತರಗತಿಯ ಮಗು ಕಿಟಕಿಯಾಚೆ ನೋಡುತ್ತಿದ್ದರೆ, ಅದೇ ಪಾಠವನ್ನು ತೆಲುಗಿನಲ್ಲಿ ಹತ್ತು ನಿಮಿಷ ಹೇಳಿ ನೋಡಬೇಕು.