ಇಪ್ಪತ್ತು ಕಂಪ್ಯೂಟರ್ ಅಂದರೆ ಮೂರು ಗೀಸರ್

ಕಳೆದ ತಿಂಗಳು ಒಬ್ಬ ಹುಡುಗ ಬಂದಿದ್ದ. ಇಪ್ಪತ್ತು ಸಿಸ್ಟಮ್‌ನ ಗೇಮಿಂಗ್ ಸೆಂಟರ್ ತೆಗೆಯಬೇಕು ಅಂತ ಆಸೆ. ಕೈಯಲ್ಲೊಂದು ನೋಟ್‌ಬುಕ್. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು, ಮಾನಿಟರ್ ಎಷ್ಟು ಹರ್ಟ್ಸ್, ಎಲ್ಲವನ್ನೂ ನೀಟಾಗಿ ಬರೆದುಕೊಂಡಿದ್ದ. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋಗಿ ಮೂರು ಅಂಗಡಿ ಸುತ್ತಿ ರೇಟು ಕೂಡ ಕೇಳಿಕೊಂಡು ಬಂದಿದ್ದ. ಅವನ ಪಟ್ಟಿಯಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ನಾನು ಕೇಳಿದ್ದು ಒಂದೇ. "ರೂಮಿನ ಮೇಲೆ ಏನಿದೆ? ಇನ್ನೊಂದು ಮಹಡಿನಾ, ತಾರಸಿನಾ, ಶೀಟಾ?"

ಅವನು ಮುಖ ನೋಡಿದ. "ಸರ್, ನಾನು ಸಿಸ್ಟಮ್ ಬಗ್ಗೆ ಕೇಳೋಕೆ ಬಂದಿದ್ದು."

ಸಿಸ್ಟಮ್ ಬಗ್ಗೆಯೇ ಕೇಳುತ್ತಿದ್ದೇನೆ ಅಂತ ಅರ್ಥ ಮಾಡಿಸೋಕೆ ಅರ್ಧ ಗಂಟೆ ಹಿಡಿಯಿತು. ಗೇಮಿಂಗ್ ಸೆಂಟರ್‌ಗೆ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸದಲ್ಲಿ ಈ ಅರ್ಧ ಗಂಟೆಯ ಮಾತನ್ನು ನಾನು ಬಂದವರಿಗೆಲ್ಲ ಹೇಳುತ್ತಿದ್ದೇನೆ. ತಲೆಯಾಡಿಸಿ ಹೋಗುತ್ತಾರೆ. ಏಪ್ರಿಲ್‌ನಲ್ಲಿ ಫೋನ್ ಮಾಡುತ್ತಾರೆ. ಅದಕ್ಕೇ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಎಲ್ಲರೂ ಮಾಡುವ ಲೆಕ್ಕ ಹೀಗಿರುತ್ತದೆ. ಒಂದು ಸಿಸ್ಟಮ್‌ಗೆ ಇಷ್ಟು ದುಡ್ಡು, ಅದನ್ನು ಇಪ್ಪತ್ತರಿಂದ ಗುಣಿಸು, ಮೇಜು ಕುರ್ಚಿ ಸೇರಿಸು, ಮುಗಿಯಿತು. ಆದರೆ ಮನೆಯಲ್ಲಿ ಒಂದು ಸಿಸ್ಟಮ್ ಇಟ್ಟುಕೊಂಡಾಗ ಕಣ್ಣಿಗೇ ಬೀಳದ ಒಂದು ವಿಷಯ ಇಪ್ಪತ್ತಾದಾಗ ಎದುರು ಬಂದು ನಿಲ್ಲುತ್ತದೆ. ಅದು ಶಾಖ.

ಕಂಪ್ಯೂಟರ್ ಎಳೆದುಕೊಳ್ಳುವ ಕರೆಂಟು ಎಲ್ಲಿಗೆ ಹೋಗುತ್ತದೆ? ಮಿಕ್ಸಿಯ ಕರೆಂಟು ರುಬ್ಬಿತು, ಪಂಪ್‌ಸೆಟ್ಟಿನ ಕರೆಂಟು ನೀರು ಎತ್ತಿತು ಅನ್ನಬಹುದು. ಕಂಪ್ಯೂಟರ್ ಭಾರ ಎತ್ತುವ ಯಂತ್ರವಲ್ಲ. ಲೆಕ್ಕ ಮಾಡುತ್ತದೆ, ಚಿತ್ರ ತೋರಿಸುತ್ತದೆ. ಅದು ಎಳೆದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಅದೇ ರೂಮಿಗೆ ಬೀಳುತ್ತದೆ. 300 ವ್ಯಾಟ್ ಎಳೆದರೆ 300 ವ್ಯಾಟ್ ಬಿಸಿ. ಸೋರಿಕೆ ಇಲ್ಲ, ರಿಯಾಯಿತಿ ಇಲ್ಲ.

ಈಗ ಲೆಕ್ಕ ಹಾಕೋಣ. ಮಧ್ಯಮ ದರ್ಜೆಯ ಸೆಂಟರ್‌ಗೆ ನಾನು ಜಾಸ್ತಿ ಹಾಕಿರುವುದು ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಕಾರ್ಡ್. ಈ ಕಾರ್ಡಿನ ಮಿತಿ 115 ವ್ಯಾಟ್. ಆಟ ನಡೆಯುವಾಗ ಪ್ರೊಸೆಸರ್ 60-70. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ ಮೂವತ್ತು ಚಿಲ್ಲರೆ. ಪವರ್ ಸಪ್ಲೈನಲ್ಲೇ ನಷ್ಟವಾಗುವುದು ಇನ್ನೊಂದು ಮೂವತ್ತು. ಮಾನಿಟರ್ ಮತ್ತೊಂದು ಮೂವತ್ತು. ಒಟ್ಟು 280ರ ಆಸುಪಾಸು, 300 ಅಂತ ಇಟ್ಟುಕೊಳ್ಳಿ. ನಿಮ್ಮ ಮಾಡೆಲ್ ಬೇರೆಯಾದರೆ ಅಂಕಿ ಬೇರೆ. ಸಾಧ್ಯವಾದರೆ ಒಂದು ಸಿಸ್ಟಮ್ ಜೋಡಿಸಿ, ಆಟ ಓಡಿಸಿ, ಗೋಡೆಯ ಪ್ಲಗ್ಗಿನಲ್ಲೇ ಮೀಟರ್ ಹಾಕಿ ಅಳೆಯಿರಿ.

ಇಪ್ಪತ್ತು ಸಿಸ್ಟಮ್‌ಗೆ 6000 ವ್ಯಾಟ್. ನಮ್ಮ ಮನೆಗಳ ಬಚ್ಚಲಲ್ಲಿರುವ ಗೀಸರ್ ಸಾಮಾನ್ಯವಾಗಿ 2000 ವ್ಯಾಟ್. ಅಂದರೆ ಮೂರು ಗೀಸರ್ ಆನ್ ಮಾಡಿ, ನೀರಿನ ಬದಲು ರೂಮಿನ ಗಾಳಿ ಕಾಯಿಸುತ್ತಾ, ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಬಿಟ್ಟ ಹಾಗೆ. ಕೂತ ಮನುಷ್ಯನೂ 100 ವ್ಯಾಟ್‌ನಷ್ಟು ಬಿಸಿ ಬಿಡುತ್ತಾನೆ. ಇಪ್ಪತ್ತು ಜನ ಕೂತರೆ ಅದು ನಾಲ್ಕನೇ ಗೀಸರ್. ಹಿಂದೆ ನಿಂತು ನೋಡುವ ಗೆಳೆಯರು ಬೇರೆ.

ಒಂದು ಟನ್ ಎಸಿ ಹೊರಹಾಕುವುದು ಸುಮಾರು 3500 ವ್ಯಾಟ್ ಬಿಸಿಯನ್ನು. ನಮ್ಮದು 8000. ಯಂತ್ರ ಮತ್ತು ಮನುಷ್ಯರಿಗೇ ಎರಡು ಕಾಲು ಟನ್ ಮೇಲೆ ಬೇಕಾಯಿತು. ಬಿಸಿಲಿನ ಲೆಕ್ಕ ಇನ್ನೂ ಸೇರಿಲ್ಲ. ಮೇಲೆ ಇನ್ನೊಂದು ಮಹಡಿ ಇದ್ದರೆ ಬಚಾವ್. ಬರೀ ತಾರಸಿ ಇದ್ದರೆ ಸಂಜೆ ಏಳಕ್ಕೂ ಅದು ಬಿಸಿ ಉಗುಳುತ್ತಿರುತ್ತದೆ. ಶೀಟ್ ಇದ್ದರೆ ಮೊದಲು ಕೆಳಗೊಂದು ಫಾಲ್ಸ್ ಸೀಲಿಂಗ್ ಹಾಕಿಸಿ, ಆಮೇಲೆ ಮಾತಾಡೋಣ. ಹೀಗೆ ಸೇರಿಸುತ್ತಾ ಹೋದರೆ ಇಪ್ಪತ್ತು ಸಿಸ್ಟಮ್‌ನ ಸೆಂಟರ್‌ಗೆ ನಾಲ್ಕರಿಂದ ನಾಲ್ಕೂವರೆ ಟನ್ ಆಗುತ್ತದೆ. ಜನ ಹಾಕಿಸುವುದು ಒಂದೂವರೆ ಟನ್‌ನ ಒಂದು ಎಸಿ!

ಈಗ ನನ್ನ ತಾಳ್ಮೆ ಕೆಡಿಸುವ ಮಾತಿಗೆ ಬರುತ್ತೇನೆ. "ಪರವಾಗಿಲ್ಲ ಸರ್, ಎಲ್ಲದಕ್ಕೂ ಲಿಕ್ವಿಡ್ ಕೂಲರ್ ಹಾಕ್ಬಿಡಿ."

ಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಅಡುಗೆಮನೆ ತುಂಬ ಘಾಟು. ಒಲೆ ಪಕ್ಕ ಟೇಬಲ್ ಫ್ಯಾನ್ ಇಟ್ಟರೆ ಅಡುಗೆ ಮಾಡುವವರ ಮೂಗಿಗೆ ಆರಾಮ. ಘಾಟು ಮಾತ್ರ ಪಡಸಾಲೆಗೆ ಬಂದು ಅಲ್ಲಿ ಕೂತವರನ್ನು ಕೆಮ್ಮಿಸುತ್ತದೆ. ಮನೆಯಿಂದ ಆಚೆ ಹೋಗಬೇಕಾದರೆ ಕಿಟಕಿಯೋ ಚಿಮಣಿಯೋ ಬೇಕು, ಅಲ್ವಾ? ಲಿಕ್ವಿಡ್ ಕೂಲರ್ ಒಲೆ ಪಕ್ಕದ ಟೇಬಲ್ ಫ್ಯಾನ್. ಪ್ರೊಸೆಸರ್ ಮೇಲಿನ ಬಿಸಿಯನ್ನು ಎತ್ತಿ ರೇಡಿಯೇಟರ್ ಮೂಲಕ ನಿಮ್ಮ ರೂಮಿಗೇ ಊದುತ್ತದೆ. ಬಿಸಿಯನ್ನು ನುಂಗುವ ಕೂಲರ್ ಇನ್ನೂ ಯಾರೂ ಮಾಡಿಲ್ಲ. ರೂಮಿನಿಂದ ಆಚೆ ಹಾಕುವುದು ಎಸಿ, ಇಲ್ಲವೇ ಎಕ್ಸಾಸ್ಟ್.

ಇನ್ನೊಂದು ಮಾತು. ಕೂಲರ್ ನಿಮಗೆ ಕೊಡುವುದು ವ್ಯತ್ಯಾಸ ಮಾತ್ರ. ರೂಮಿನ ಗಾಳಿಗಿಂತ ಚಿಪ್ ಇಷ್ಟು ಡಿಗ್ರಿ ಜಾಸ್ತಿ ಇರುತ್ತದೆ, ಅಷ್ಟೇ. ಒಳ್ಳೆ ಕೂಲರ್‌ನಲ್ಲಿ ಆ ವ್ಯತ್ಯಾಸ ಕಡಿಮೆ, ಸಾಧಾರಣದ್ದರಲ್ಲಿ ಜಾಸ್ತಿ. ಕಾರ್ಡ್ ರೂಮಿಗಿಂತ 45 ಡಿಗ್ರಿ ಮೇಲಿದೆ ಅಂದುಕೊಳ್ಳಿ. ರೂಮು 25 ಇದ್ದಾಗ ಕಾರ್ಡ್ 70. ರೂಮು 38 ಆದಾಗ ಅದೇ ಕಾರ್ಡ್, ಅದೇ ಫ್ಯಾನ್, 83. ಬಹಳಷ್ಟು ಕಾರ್ಡ್‌ಗಳು ಆ ಹೊತ್ತಿಗೆ ತಮ್ಮಷ್ಟಕ್ಕೇ ವೇಗ ಇಳಿಸಿಕೊಳ್ಳೋಕೆ ಶುರು ಮಾಡುತ್ತವೆ. ವ್ಯಾಲರಂಟ್ ಆಡುತ್ತಿರುವ ಹುಡುಗನಿಗೆ ಅದು ಫ್ರೇಮ್ ಬಿದ್ದ ಹಾಗೆ, ಮೌಸ್ ಎಳೆದ ಹಾಗೆ ಅನ್ನಿಸುತ್ತದೆ. ಅವನು "ಇಲ್ಲಿ ಸಿಸ್ಟಮ್ ಲ್ಯಾಗ್" ಅಂತ ಎದ್ದು ಹೋಗುತ್ತಾನೆ. ಮಾಲೀಕರು ಇನ್ನೂ ದೊಡ್ಡ ಕಾರ್ಡ್ ಹಾಕಿಸುತ್ತಾರೆ. ದೊಡ್ಡ ಕಾರ್ಡ್ ಇನ್ನೂ ಜಾಸ್ತಿ ಬಿಸಿ ಬಿಡುತ್ತದೆ.

ದಾವಣಗೆರೆಯ ಒಂದು ಸೆಂಟರ್‌ನಲ್ಲಿ ಹೀಗೇ ಆಯಿತು. ಮಾಲೀಕರು ಹಿಂದೆ ಸೈಬರ್ ಕೆಫೆ ನಡೆಸಿದವರು. ಕೌಂಟರ್ ಸ್ಟ್ರೈಕ್ 1.6 ಕಾಲದಲ್ಲಿ ಎಂಟು ಸಿಸ್ಟಮ್ ಇಟ್ಟು ಹುಡುಗರಿಗೆ ಗಂಟೆ ಲೆಕ್ಕದಲ್ಲಿ ಆಡಿಸುತ್ತಿದ್ದರು. ರಸ್ತೆ ಕಡೆ ಬಾಗಿಲು ಸದಾ ತೆರೆದಿರುತ್ತಿತ್ತು, ಮೇಲೆ ಎರಡು ಸೀಲಿಂಗ್ ಫ್ಯಾನ್. ಆಗ ಅಷ್ಟು ಸಾಕಿತ್ತು. ಅವರ ಅನುಭವ ಸುಳ್ಳಲ್ಲ. ಆದರೆ ಹೊಸ ಸೆಂಟರ್‌ನಲ್ಲಿ ಸಿಸ್ಟಮ್ ಇಪ್ಪತ್ತು. ಕತ್ತಲು ಬೇಕು ಅಂತ ಕಿಟಕಿಗೆ ಕಪ್ಪು ಸ್ಟಿಕ್ಕರ್, ಸದ್ದು ಆಚೆ ಹೋಗಬಾರದು ಅಂತ ಗೋಡೆಗೆ ಫೋಮ್. ಗಾಳಿ ಆಡುವ ಒಂದು ಸಂದೂ ಇರಲಿಲ್ಲ. ಮೇಲೆ ಬರೀ ತಾರಸಿ. ಇಪ್ಪತ್ತಕ್ಕೂ ಲಿಕ್ವಿಡ್ ಕೂಲರ್, ಒಂದೂವರೆ ಟನ್ ಎಸಿ. ಜೋಡಿಸಿದ್ದು ನಾನಲ್ಲ, ನನ್ನನ್ನು ಕರೆದದ್ದು ಆಮೇಲೆ. "ಕೂಲರ್ ಡೂಪ್ಲಿಕೇಟ್ ಕೊಟ್ಟಿದ್ದಾರೆ, ನೋಡಿ ಬನ್ನಿ" ಅಂದರು.

ನಾಲ್ಕು ಗಂಟೆಗೆ ಒಳಗೆ ಹೋದೆ. ರೂಮಿನ ಮಧ್ಯದಲ್ಲಿ 36 ಡಿಗ್ರಿ. ಎಸಿ ರಿಮೋಟ್‌ನಲ್ಲಿ 18 ಅಂತ ತೋರಿಸುತ್ತಿತ್ತು. ಕೂಲರ್‌ಗಳೆಲ್ಲ ಅಸಲಿಯೇ. ಬಡಗಿ ಪ್ರತಿ ಸಿಸ್ಟಮ್‌ಗೂ ಮೇಜಿನ ಕೆಳಗೆ ಪ್ಲೈವುಡ್ ಗೂಡು ಮಾಡಿದ್ದ. ಸಿಸ್ಟಮ್‌ನ ಡಬ್ಬಿ, ಅಂದರೆ ಕ್ಯಾಬಿನೆಟ್, ಅದರೊಳಗೆ ಅಳತೆ ತೆಗೆದ ಹಾಗೆ ಕೂತಿತ್ತು. ಕೆಲಸ ನಿಜಕ್ಕೂ ಚೆಂದ ಇತ್ತು. ನಾನು ಒಂದು ಊದುಬತ್ತಿ ತರಿಸಿ ಹಚ್ಚಿದೆ. ಕ್ಯಾಬಿನೆಟ್ ಹಿಂದೆ, ಗಾಳಿ ಆಚೆ ಬರುವ ಕಡೆ ಹಿಡಿದೆ. ಹೊಗೆ ಹಿಂದಿನ ಪ್ಲೈವುಡ್‌ಗೆ ಬಡಿಯಿತು. ಮೇಲೆ ಹೋಗೋಕೆ ದಾರಿ ಇಲ್ಲ. ಪಕ್ಕದ ಎರಡು ಬೆರಳಿನ ಸಂದಿಯಲ್ಲಿ ತೆವಳಿಕೊಂಡು ಮುಂದೆ ಬಂತು. ಮುಂದಿನ ಫ್ಯಾನ್ ಅದನ್ನು ಸರ್ರಂತ ಒಳಗೆ ಎಳೆದುಕೊಂಡಿತು. ಎರಡು ಸಲ, ಮೂರು ಸಲ ತೋರಿಸಿದೆ. ಸಿಸ್ಟಮ್ ತಾನು ಬಿಟ್ಟ ಉಸಿರನ್ನೇ ತಿರುಗಿ ಎಳೆದುಕೊಳ್ಳುತ್ತಿತ್ತು. ಮಾಲೀಕರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದರು. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆ ಇಪ್ಪತ್ತು ಕೂಲರ್‌ಗೆ ಕೊಟ್ಟ ದುಡ್ಡಿನಲ್ಲಿ ಇನ್ನೆರಡು ಎಸಿ ಬರುತ್ತಿತ್ತು. ನನಗೆ ತುಂಬ ಸಂಕಟವಾಯಿತು. ಅದು ಅವರ ಮನೆ ಒಡವೆ ಅಡವಿಟ್ಟು ತಂದ ದುಡ್ಡು.

ಗೂಡಿನ ಹಿಂದಿನ ಹಲಗೆ ತೆಗೆಸಿದೆವು. ಮೇಜುಗಳನ್ನು ಗೋಡೆಯಿಂದ ಒಂದು ಗೇಣಿಗಿಂತ ಜಾಸ್ತಿ ಮುಂದೆ ಎಳೆದೆವು. ಆ ಬಿಸಿ ಗಾಳಿ ಮೇಲೇರಿ ಹೋಗುವ ಕಡೆ ಎರಡು ಎಕ್ಸಾಸ್ಟ್. ಇಷ್ಟಕ್ಕೇ ಕಾರ್ಡ್‌ಗಳು ಏಳೆಂಟು ಡಿಗ್ರಿ ಇಳಿದವು. ಇನ್ನೆರಡು ಎಸಿ ಹಾಕಿಸೋಣ ಅಂದಾಗ ಹೊಸ ತೊಂದರೆ ಎದುರಾಯಿತು. ಮೀಟರ್‌ಗೆ ಮಂಜೂರಾದ ಲೋಡ್ 5 ಕಿಲೋವ್ಯಾಟ್.

ಸಿಸ್ಟಮ್ 6, ಮೂರು ಎಸಿ ಸೇರಿ ಸುಮಾರು 5, ಲೈಟು ಫ್ಯಾನು ಸೇರಿದರೆ 12 ಕಿಲೋವ್ಯಾಟ್. ಇದನ್ನು ಸಿಂಗಲ್ ಫೇಸ್ ಮೇಲೆ ಎಳೆದರೆ 50 ಆಂಪಿಯರ್ ದಾಟುತ್ತದೆ. ತ್ರೀ ಫೇಸ್ ಬೇಕೇ ಬೇಕು. ಬಾಡಿಗೆ ಕರಾರು ಬರೆಯುವ ಮೊದಲೇ ಕಟ್ಟಡದ ಮಾಲೀಕರನ್ನು ಕೇಳಿ. ಲೋಡ್ ಎಷ್ಟಿದೆ, ವಾಣಿಜ್ಯ ಕನೆಕ್ಷನ್ ಇದೆಯಾ, ಏರಿಸೋಕೆ ಒಪ್ಪುತ್ತಾರಾ ಅಂತ. ಬೆಸ್ಕಾಂ ಇರಲಿ, ಹೆಸ್ಕಾಂ ಇರಲಿ, ಮನೆ ಮೀಟರ್‌ನಲ್ಲಿ ವ್ಯಾಪಾರ ಮಾಡಿದರೆ ದಂಡ ಬೀಳುತ್ತದೆ. ನಾನು ಕಂಪ್ಯೂಟರ್‌ನವನು. ವೈರಿನ ದಪ್ಪ, ಬ್ರೇಕರ್ ಆಯ್ಕೆ ಇವನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರ ಕೈಯಲ್ಲೇ ಮಾಡಿಸಿ. ಆದರೂ ಎರಡು ವಿಷಯ ಹೇಳದೆ ಇರಲಾರೆ.

ಒಂದು, ಅರ್ತಿಂಗ್. ಕಂಪ್ಯೂಟರ್‌ನ ಪವರ್ ಸಪ್ಲೈ ಒಳಗೆ ಲೈನಿಗೂ ಲೋಹದ ಬಾಡಿಗೂ, ನ್ಯೂಟ್ರಲ್‌ಗೂ ಅದೇ ಬಾಡಿಗೂ ನಡುವೆ ಸಣ್ಣ ಕೆಪಾಸಿಟರ್ ಇರುತ್ತವೆ. ಅರ್ತಿಂಗ್ ಸರಿ ಇಲ್ಲದಿದ್ದರೆ ಕ್ಯಾಬಿನೆಟ್ ಬಾಡಿ ಮೇಲೆ 230ರ ಅರ್ಧದಷ್ಟು ವೋಲ್ಟೇಜ್ ಬಂದು ಕೂರುತ್ತದೆ. ಚಪ್ಪಲಿ ಬಿಟ್ಟು ಕೂತ ಹುಡುಗ ಯುಎಸ್‌ಬಿ ಹಾಕಲು ಕೈ ಇಟ್ಟರೆ ಜುಮ್ ಅನ್ನುತ್ತದೆ. "ಅದು ಎಲ್ಲಾ ಕಡೆ ಬರತ್ತೆ ಬಿಡಿ" ಅನ್ನುತ್ತಾರೆ. ಬಿಡಬೇಡಿ. ಆ ಕರೆಂಟು ಸಣ್ಣದು, ನಿಜ. ಆದರೆ ನಾಳೆ ಒಂದು ಪವರ್ ಸಪ್ಲೈ ಒಳಗೆ ಸುಟ್ಟು ಲೈನೇ ಕ್ಯಾಬಿನೆಟ್‌ನ ಲೋಹಕ್ಕೆ ತಾಗಿದರೆ ಅದನ್ನು ನೆಲಕ್ಕೆ ಇಳಿಸೋಕೆ ಏನೂ ಇರುವುದಿಲ್ಲ. ಅಲ್ಲಿ ಕೂತಿರುವುದು ಬೇರೆಯವರ ಮನೆ ಮಕ್ಕಳು.

ಎರಡು, ಆರ್‌ಸಿಸಿಬಿ. ಕರೆಂಟು ನೆಲಕ್ಕೆ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ ಅದು. ಅದೇ ಕೆಪಾಸಿಟರ್‌ಗಳ ಮೂಲಕ ಪ್ರತಿ ಸಿಸ್ಟಮ್‌ನಿಂದ ಒಂದು ಮಿಲಿ ಆಂಪಿಯರ್‌ನಷ್ಟು ಕರೆಂಟು ಅರ್ತ್‌ಗೆ ಸೋರಬಹುದು. ಒಂದು ಸಿಸ್ಟಮ್‌ನಲ್ಲಿ ಏನೂ ಆಗುವುದಿಲ್ಲ. ಇಪ್ಪತ್ತನ್ನೂ ಒಂದೇ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮೇಲೆ ಹಾಕಿದರೆ ಅದು ಕಾರಣವೇ ಇಲ್ಲದ ಹಾಗೆ ಆಗಾಗ ಬೀಳುತ್ತದೆ. ಕೆಲವರು ಕಾಟ ತಾಳಲಾರದೆ ಅದನ್ನು ತೆಗೆಸಿ ನೇರ ವೈರ್ ಕೊಡಿಸುತ್ತಾರೆ. ಇದನ್ನು ಕಂಡಾಗಲೆಲ್ಲ ನಾನು ಕೂಗಾಡಿದ್ದೇನೆ. ಜೀವ ಉಳಿಸುವ ಸಾಮಾನು ಅದು. ಏಳೆಂಟು ಸಿಸ್ಟಮ್‌ಗೆ ಒಂದರಂತೆ ಭಾಗ ಮಾಡಿ, ಬೀಳುವುದು ನಿಲ್ಲುತ್ತದೆ.

ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್‌ನಲ್ಲಿ, "ಕರೆಂಟು ಬಂದ ಕೂಡಲೇ ಆನ್ ಆಗು" ಅನ್ನುವ ಆಯ್ಕೆ ಇರುತ್ತದೆ. ಅದನ್ನು ಬಂದ್ ಮಾಡಿ. ಇಲ್ಲದಿದ್ದರೆ ಕರೆಂಟು ಬಂದ ಕ್ಷಣ ಇಪ್ಪತ್ತೂ ಒಟ್ಟಿಗೆ ಎದ್ದು ಬ್ರೇಕರ್ ಬೀಳಿಸಬಹುದು.

ಇನ್ನು ಸಿಸ್ಟಮ್ ಆಯ್ಕೆ. ಅದನ್ನು ನೀವೇ ಓದಿಕೊಂಡಿರುತ್ತೀರಿ. ನನ್ನ ಕೋರಿಕೆ ಎರಡೇ. ಇಪ್ಪತ್ತೂ ಒಂದೇ ಥರ ಇರಲಿ, ಬಿಡಿಭಾಗ ಅದಲುಬದಲು ಮಾಡೋಕೆ ಆಗಬೇಕು. ಇಪ್ಪತ್ತೊಂದನೆಯದನ್ನೂ ಜೋಡಿಸಿ ಕಪಾಟಿನಲ್ಲಿಡಿ. ಶನಿವಾರ ಸಂಜೆ ಒಂದು ಕೆಟ್ಟರೆ ಐದು ನಿಮಿಷದಲ್ಲಿ ಬದಲಾಯಿಸಿ, ರಿಪೇರಿ ಸೋಮವಾರ ಮಾಡಬಹುದು. ಕ್ಯಾಬಿನೆಟ್ ಮುಂದೆ ಗಾಜಿರುವುದು ಬೇಡ, ಜಾಲರಿ ಇರಲಿ. ಪ್ರೊಸೆಸರ್‌ಗೆ ಸಾಧಾರಣ ಟವರ್ ಕೂಲರ್ ಧಾರಾಳ ಸಾಕು. ಅದರಲ್ಲಿ ಕೆಡುವುದು ಒಂದು ಫ್ಯಾನ್ ಮಾತ್ರ, ಪಂಪ್ ಇಲ್ಲ. ದುಡ್ಡು ಕಡಿಮೆ ಬಿದ್ದರೆ ಸಿಸ್ಟಮ್‌ಗಳನ್ನು ಹದಿನಾರಕ್ಕೆ ಇಳಿಸಿ. ಎಸಿ, ಅರ್ತಿಂಗ್ ಇಳಿಸಬೇಡಿ. ಕಲಬುರಗಿ, ಬಳ್ಳಾರಿ ಕಡೆಯವರು ಎಸಿ ಬದಲು ನೀರು ಹಾಕುವ ಏರ್ ಕೂಲರ್ ಇಡೋಣವಾ ಅಂತ ಕೇಳುತ್ತಾರೆ. ಬೇಡ. ತೇವ ಮತ್ತು ಧೂಳು ಸೇರಿ ಕಾರ್ಡಿನ ಫಿನ್‌ಗಳ ಮೇಲೆ ಕೆಸರಿನ ಹಾಗೆ ಕಟ್ಟಿಕೊಳ್ಳುತ್ತದೆ. ನಾನು ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದು ತೆಗೆದಿದ್ದೇನೆ.

ಓಪನಿಂಗ್‌ಗೆ ಒಂದು ವಾರ ಮೊದಲು ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಎರಡು ಗಂಟೆಗೆ ಇಪ್ಪತ್ತೂ ಸಿಸ್ಟಮ್‌ನಲ್ಲಿ ಭಾರವಾದ ಆಟ ಓಡಿಸಿ. ಬಾಗಿಲು ಹಾಕಿ. ಗೆಳೆಯರನ್ನು ಕರೆದು ಕೂರಿಸಿ, ಖಾಲಿ ಕುರ್ಚಿ ಇದ್ದರೆ ಲೆಕ್ಕ ತಪ್ಪುತ್ತದೆ. ರೂಮಿನ ಮಧ್ಯೆ, ತಲೆ ಎತ್ತರದಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ. ಎರಡು ಗಂಟೆ ಬಿಡಿ. ನಾಲ್ಕು ಗಂಟೆಗೆ ಅದು 28ರ ಒಳಗೆ ನಿಂತಿದ್ದರೆ ಓಪನಿಂಗ್‌ನ ಆಮಂತ್ರಣ ಛಾಪಿಸೋಕೆ ಕೊಡಿ. ಇನ್ನೂ ಏರುತ್ತಲೇ ಇದ್ದರೆ ಓಪನಿಂಗ್ ಮುಂದಕ್ಕೆ ಹಾಕಿ, ನನಗೋ ನಿಮಗೆ ಗೊತ್ತಿರುವ ಎಸಿಯವರಿಗೋ ಫೋನ್ ಮಾಡಿ.

ಆ ನೋಟ್‌ಬುಕ್ ಹುಡುಗ ಮೊನ್ನೆ ಮತ್ತೆ ಬಂದಿದ್ದ. ನೋಡಿದ್ದ ರೂಮು ಬಿಟ್ಟಿದ್ದಾನಂತೆ. ಈಗ ನೆಲಮಹಡಿಯಲ್ಲಿ, ಮೇಲೆ ಎರಡು ಮಹಡಿ ಇರುವ ಕಟ್ಟಡದಲ್ಲಿ ಜಾಗ ನೋಡಿದ್ದಾನೆ. ಬಾಡಿಗೆ ಸ್ವಲ್ಪ ಜಾಸ್ತಿ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೆಸರಿಗೂ ಮೇಲೆ ಬರೆದುಕೊಂಡಿದ್ದ: ಮೀಟರ್, ತ್ರೀ ಫೇಸ್, 15 ಕಿಲೋವ್ಯಾಟ್.