ಪಕ್ಷ ನೋಡಿ ಬಿತ್ತನೆ: ಚಂದ್ರನಿಗೂ ಗಿಡಕ್ಕೂ ಎಷ್ಟು ನಂಟು?

ಚಂದ್ರ ಬೆಳೆಯುವ ಶುಕ್ಲ ಪಕ್ಷದಲ್ಲಿ ನೆಲದ ಮೇಲೆ ಫಲ ಕೊಡುವುದನ್ನು ಬಿತ್ತಬೇಕು: ಟೊಮೆಟೊ, ಬದನೆ, ಹುರುಳಿಕಾಯಿ, ಸೊಪ್ಪು. ಚಂದ್ರ ಕರಗುವ ಕೃಷ್ಣ ಪಕ್ಷದಲ್ಲಿ ನೆಲದೊಳಗೆ ಬಲಿಯುವುದನ್ನು ಹಾಕಬೇಕು: ಮೂಲಂಗಿ, ಕ್ಯಾರೆಟ್, ಗೆಣಸು, ಆಲೂಗಡ್ಡೆ. ಪಕ್ಷ ನೋಡಿ ಬಿತ್ತುವುದು ಅಂದರೆ ಮುಖ್ಯವಾಗಿ ಇದೇ. ತಾರಸಿ ತೋಟ ಮಾಡುವವರೂ ಈಗ ಇದನ್ನು ಕೇಳುತ್ತಾರೆ, ಹೊಲ ಇರುವವರೂ ಕೇಳುತ್ತಾರೆ. ಇದರಿಂದ ಗಿಡ ನಿಜವಾಗಿ ಚೆನ್ನಾಗಿ ಬರುತ್ತಾ?

ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೆ ಅಷ್ಟು ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಈ ನಂಬಿಕೆಯ ಜೊತೆಗೆ ನಮ್ಮ ರೈತರ ನಿಜವಾದ ಒಂದು ತಿಳಿವಳಿಕೆಯೂ ಸೇರಿಕೊಂಡಿದೆ. ಎರಡನ್ನೂ ಬಿಡಿಸಿ ನೋಡಬೇಕು.

ಇದು ನಮ್ಮಲ್ಲಿ ಮಾತ್ರ ಇರುವ ನಂಬಿಕೆಯಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಲೇಖಕ ಪ್ಲಿನಿ, ಕಡಿಯುವ ಮತ್ತು ಕೊಯ್ಯುವ ಕೆಲಸಗಳನ್ನು ಚಂದ್ರ ಕರಗುವಾಗ ಮಾಡಿದರೆ ಒಳ್ಳೆಯದು ಎಂದು ಬರೆದಿದ್ದ. ಇವತ್ತು ಮಾರಾಟವಾಗುವ ಚಂದ್ರನ ಕ್ಯಾಲೆಂಡರ್‌ಗಳಲ್ಲಿ ಹಲವಕ್ಕೆ ಮೂಲ ಯುರೋಪಿನ ಬಯೋಡೈನಮಿಕ್ ಕೃಷಿ, ಅಂದರೆ ರಾಸಾಯನಿಕ ಬಿಟ್ಟು, ಚಂದ್ರ-ಗ್ರಹಗಳ ನಡೆಯನ್ನೂ ನೋಡಿ ಮಾಡುವ ಬೇಸಾಯ. 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಕೊಬರ್‌ವಿಟ್ಜ್ ಎಂಬ ಹಳ್ಳಿಯಲ್ಲಿ ಕೊಟ್ಟ ಉಪನ್ಯಾಸಗಳಿಂದ ಅದು ಶುರುವಾಯಿತು. ಆ ಊರು ಆಗ ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಆಮೇಲೆ 1950ರ ದಶಕದಲ್ಲಿ ಜರ್ಮನಿಯ ಮಾರಿಯಾ ಥುನ್ ತಮ್ಮ ತೋಟದಲ್ಲಿ ಮೂಲಂಗಿ ಬಿತ್ತಿ ನೋಡುತ್ತಾ ಒಂದು ಪದ್ಧತಿ ಕಟ್ಟಿದರು. ಚಂದ್ರ ಯಾವ ರಾಶಿಯಲ್ಲಿದ್ದಾನೆ ಎನ್ನುವುದರ ಮೇಲೆ ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಎಂದು ವಿಂಗಡಿಸಿದರು. ಅವರ ಕ್ಯಾಲೆಂಡರ್ 1963ರಿಂದ ಬರುತ್ತಿದೆ.

ಇಲ್ಲೊಂದು ತೊಡಕಿದೆ. 'ಚಂದ್ರ ನೋಡಿ ಬಿತ್ತಿ' ಎನ್ನುವವರೆಲ್ಲ ಒಂದೇ ಲೆಕ್ಕ ಹೇಳುವುದಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ. ಇದು ಪಕ್ಷದ ಲೆಕ್ಕ. ಚಂದ್ರ ಅದೇ ನಕ್ಷತ್ರಕ್ಕೆ ಮರಳಲು 27.3 ದಿನ ಸಾಕು. ಇದು ರಾಶಿಯ ಲೆಕ್ಕ. ಇನ್ನೊಂದು ಏರುವ ಚಂದ್ರ, ಇಳಿಯುವ ಚಂದ್ರ. ಸೂರ್ಯನಿಗೆ ವರ್ಷಕ್ಕೊಮ್ಮೆ ಉತ್ತರಾಯಣ, ದಕ್ಷಿಣಾಯನ ಇದೆಯಲ್ಲ, ಚಂದ್ರ ಅದನ್ನೇ ಪ್ರತಿ ತಿಂಗಳೂ ಮಾಡುತ್ತಾನೆ. ಬೆಳೆಯುವ ಚಂದ್ರನೇ ಬೇರೆ, ಏರುವ ಚಂದ್ರನೇ ಬೇರೆ. ಜಾಸ್ತಿ ಗೊಂದಲ ಆಗುವುದು ಇಲ್ಲೇ. ಇನ್ನು ಚಂದ್ರ ಭೂಮಿಗೆ ಹತ್ತಿರ ಬರುವ ಮತ್ತು ದೂರ ಹೋಗುವ ಲೆಕ್ಕ ಬೇರೆ ಇದೆ. ಹೀಗಾಗಿ ಒಂದು ಪದ್ಧತಿಯಲ್ಲಿ ಬಿತ್ತಲು ಒಳ್ಳೆಯ ದಿನ ಇನ್ನೊಂದರಲ್ಲಿ ಬೇಡವಾದ ದಿನ ಆಗಬಹುದು. ಎಲ್ಲವೂ ನಿಜವಾಗಿರಲು ಸಾಧ್ಯವಿಲ್ಲ.

ಈಗ ನಮ್ಮ ಕಡೆಯ ವಿಷಯ. 'ನಮ್ಮ ಹಿರಿಯರು ನಕ್ಷತ್ರ ನೋಡಿಯೇ ಬಿತ್ತುತ್ತಿದ್ದರು, ಅಂದಮೇಲೆ ಚಂದ್ರನ ಪ್ರಭಾವ ಇದ್ದೇ ಇದೆ' ಎಂಬ ವಾದ ಪದೇ ಪದೇ ಕೇಳಿಬರುತ್ತದೆ. ಹಿರಿಯರು ನಕ್ಷತ್ರ ನೋಡುತ್ತಿದ್ದದ್ದು ನಿಜ. ಆದರೆ ಅದು ಚಂದ್ರನ ನಕ್ಷತ್ರವಲ್ಲ, ಸೂರ್ಯನ ನಕ್ಷತ್ರ. 'ರೋಹಿಣಿ ಮಳೆ ಹಿಡೀತು' ಅಂದರೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದ ಎಂದರ್ಥ. ಚಂದ್ರ ಒಂದು ನಕ್ಷತ್ರದಲ್ಲಿ ಸುಮಾರು ಒಂದು ದಿನ ಮಾತ್ರ ಇರುತ್ತಾನೆ. ಸೂರ್ಯ 13-14 ದಿನ ಇರುತ್ತಾನೆ. ಪಂಚಾಂಗದಲ್ಲಿ ದಿನದ ನಕ್ಷತ್ರ ಎಂದು ಇರುವುದು ಚಂದ್ರನದು, ಮಳೆ ನಕ್ಷತ್ರ ಅಥವಾ ಮಹಾನಕ್ಷತ್ರ ಎಂದು ಇರುವುದು ಸೂರ್ಯನದು.

ಈ ವ್ಯತ್ಯಾಸ ಸಣ್ಣದಲ್ಲ. ಋತುಗಳನ್ನು ತರುವುದು ಸೂರ್ಯ. ಅದಕ್ಕೇ ರೋಹಿಣಿ ಮಳೆ ಪ್ರತಿ ವರ್ಷ ಮೇ 25ರ ಆಸುಪಾಸಿಗೆ, ಮೃಗಶಿರ ಜೂನ್ 7-8ಕ್ಕೆ, ಆರಿದ್ರ ಜೂನ್ 21-22ಕ್ಕೆ ಶುರುವಾಗುತ್ತವೆ. ಮುಂಗಾರಿನ ನಡೆಗೆ ಇವು ಹೊಂದಿಕೊಳ್ಳುತ್ತವೆ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬ ಉತ್ತರ ಕರ್ನಾಟಕದ ಗಾದೆ ಹುಟ್ಟಿದ್ದು ಹಾಗೆ. ಮೇ ಕೊನೆಗೆ ಮಳೆ ಬಿದ್ದರೆ ಮುಂಗಾರಿ ಜೋಳಕ್ಕೆ ಸಮಯ ಸಿಗುತ್ತದೆ, ಬೆಳೆ ಬರುತ್ತದೆ. ತಲೆಮಾರುಗಳ ಕಾಲ ಮಳೆಯನ್ನು ನೋಡಿ ನೋಡಿ ಕಟ್ಟಿದ ಲೆಕ್ಕ ಅದು. ನನಗೆ ಅದರ ಬಗ್ಗೆ ತುಂಬಾ ಗೌರವ ಇದೆ.

ಪಕ್ಷದ ಲೆಕ್ಕದಲ್ಲಿ ಈ ಗುಣ ಇಲ್ಲ. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ. ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಅದನ್ನು ಸರಿಮಾಡಲು ಅಧಿಕ ಮಾಸ ಸೇರಿಸಬೇಕಾಗುತ್ತದೆ. ಯುಗಾದಿ ಒಮ್ಮೆ ಮಾರ್ಚ್‌ನಲ್ಲಿ, ಒಮ್ಮೆ ಏಪ್ರಿಲ್‌ನಲ್ಲಿ ಬರುವುದು, ಸೂರ್ಯನ ಲೆಕ್ಕದ ಸಂಕ್ರಾಂತಿ ಮಾತ್ರ ಜನವರಿ 14 ಅಥವಾ 15 ಬಿಟ್ಟು ಅಲುಗದಿರುವುದು ಇದೇ ಕಾರಣಕ್ಕೆ. ಹುಣ್ಣಿಮೆ ಈ ವರ್ಷ ಮಳೆ ಬೀಳುವ ವಾರದಲ್ಲಿ ಬರಬಹುದು, ಮುಂದಿನ ವರ್ಷ ಒಣ ವಾರದಲ್ಲಿ ಬರಬಹುದು. ಮಳೆ ನಕ್ಷತ್ರದ ಲೆಕ್ಕವೂ ಪೂರ್ತಿ ಸ್ಥಿರವಲ್ಲ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿನಿಂದ ಜಾರುತ್ತದೆ. ಆದರೆ ಒಬ್ಬ ರೈತನ ಬದುಕಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಅಮಾವಾಸ್ಯೆಯ ದಿನ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಎತ್ತು ಹೂಡುವುದಿಲ್ಲ. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಹೊಲದಲ್ಲಿ ಚರಗ ಚೆಲ್ಲುವ ಎಳ್ಳಮಾವಾಸ್ಯೆ ಎಲ್ಲವೂ ಚಂದ್ರನ ಲೆಕ್ಕದವೇ. ಅವು ದನಕ್ಕೂ ಮನುಷ್ಯರಿಗೂ ಬಿಡುವು ಕೊಡುವ, ಹೊಲಕ್ಕೆ ಕೈ ಮುಗಿಯುವ ದಿನಗಳು. ಬೀಜ ಮೊಳೆಯುವುದಕ್ಕೂ ಅದಕ್ಕೂ ಸಂಬಂಧ ಹುಡುಕಬೇಕಾದ ಅಗತ್ಯ ಇಲ್ಲ.

ಚಂದ್ರ ಗಿಡವನ್ನು ಮುಟ್ಟಲು ಇರುವ ದಾರಿಗಳು ಎರಡು: ಸೆಳೆತ ಮತ್ತು ಬೆಳಕು.

ಸೆಳೆತದ ವಾದ ಹೀಗಿದೆ. ಚಂದ್ರ ಸಮುದ್ರವನ್ನೇ ಎಳೆದು ಉಬ್ಬರ ತರುತ್ತಾನೆ, ಗಿಡದೊಳಗಿನ ರಸವನ್ನು ಎಳೆಯುವುದಿಲ್ಲವೇ? ಕೇಳಲು ಸರಿಯಾಗೇ ಇದೆ. ಆದರೆ ಉಬ್ಬರ ಆಗುವುದು ಸಮುದ್ರ ಸಾವಿರಾರು ಕಿಲೋಮೀಟರ್ ಹರಡಿಕೊಂಡಿರುವುದರಿಂದ. ಭೂಮಿಯ ಚಂದ್ರನ ಕಡೆಯ ಭಾಗಕ್ಕೂ ಆಚೆ ಕಡೆಯ ಭಾಗಕ್ಕೂ ಬೀಳುವ ಸೆಳೆತದಲ್ಲಿ ಇರುವ ವ್ಯತ್ಯಾಸವೇ ಉಬ್ಬರಕ್ಕೆ ಕಾರಣ. ಆ ವ್ಯತ್ಯಾಸ ಭೂಮಿಯ ಗುರುತ್ವದ ಒಂದು ಕೋಟಿ ಪಾಲಿನಲ್ಲಿ ಸುಮಾರು ಎರಡು ಪಾಲು. ಇಡೀ ಭೂಮಿಯಷ್ಟು ಅಗಲಕ್ಕೆ ಇಷ್ಟು ಸಿಗುತ್ತದೆ. ಒಂದು ಮೀಟರ್ ಎತ್ತರದ ಟೊಮೆಟೊ ಗಿಡದ ಬುಡಕ್ಕೂ ತುದಿಗೂ ನಡುವೆ ಏನು ಉಳಿಯುತ್ತದೆ? ಕೆರೆಯಲ್ಲೇ ಉಬ್ಬರ ಕಾಣುವುದಿಲ್ಲ, ಗಿಡದ ಕಾಂಡದಲ್ಲಿ ಕಾಣುವುದು ಹೇಗೆ?

ಇನ್ನೊಂದು ಮಾತು. ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ದೊಡ್ಡ ಉಬ್ಬರ ಬರುವುದು ಹುಣ್ಣಿಮೆಗೆ ಮಾತ್ರ ಅಲ್ಲ, ಅಮಾವಾಸ್ಯೆಗೂ ಬರುತ್ತದೆ. ಎರಡೂ ದಿನ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಸೆಳೆತದ ದೃಷ್ಟಿಯಿಂದ ಹುಣ್ಣಿಮೆ, ಅಮಾವಾಸ್ಯೆ ಹೆಚ್ಚು ಕಡಿಮೆ ಒಂದೇ. ಪಕ್ಷದ ನಂಬಿಕೆ ಮಾತ್ರ ಈ ಎರಡನ್ನು ಒಂದಕ್ಕೊಂದು ವಿರುದ್ಧ ಎನ್ನುತ್ತದೆ. ಸೆಳೆತವೇ ಕಾರಣವಾಗಿದ್ದರೆ ಹಾಗಾಗಲು ಬರುವುದಿಲ್ಲ. ನನ್ನ ಮಟ್ಟಿಗೆ ಸೆಳೆತದ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಬೆಳಕಿನ ವಾದ ಸ್ವಲ್ಪ ಗಟ್ಟಿ. ಗಿಡಕ್ಕೆ ಬೆಳಕು ಬೇಕೇ ಬೇಕು. ಆದರೆ ಎಷ್ಟು? ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ತುಂಬು ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ 0.3 ಲಕ್ಸ್. ನಡು ಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್. ನೆರಳಲ್ಲೇ ಬೆಳೆಯುವ ಗಿಡ ಕೂಡ ಆಹಾರ ಕೂಡಿಸಿಕೊಳ್ಳಲು ಬೆಳದಿಂಗಳಿಗಿಂತ ನೂರಾರು ಪಟ್ಟು ಬೆಳಕು ಕೇಳುತ್ತದೆ. ಇನ್ನು ಬಿತ್ತಿದ ಬೀಜ ಇರುವುದು ಮಣ್ಣಿನೊಳಗೆ. ಬೆಳದಿಂಗಳು ಅಲ್ಲಿಗೆ ತಲುಪುವುದೇ ಇಲ್ಲ.

ಹಾಗಂತ ರಾತ್ರಿಯ ಬೆಳಕಿಗೆ ಗಿಡ ಸ್ಪಂದಿಸುವುದಿಲ್ಲ ಎಂದಲ್ಲ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಕೆಲವು ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲಾಗಿ ಬಲ್ಬ್ ಉರಿಯುವುದು ಕಾಣುತ್ತದೆ. ಸೇವಂತಿಗೆಗೆ ಹೂ ಬಿಡಲು ಉದ್ದನೆಯ ರಾತ್ರಿ ಬೇಕು. ಬೆಳಕು ಹಾಕಿ ರಾತ್ರಿಯನ್ನು ಮುರಿದರೆ ಗಿಡ ಹೂವಿಗೆ ಹೋಗದೆ ಇನ್ನಷ್ಟು ಬೆಳೆಯುತ್ತದೆ, ಬೇಕಾದ ಹೊತ್ತಿಗೆ ಹೂ ಸಿಗುತ್ತದೆ. ಬಲ್ಬಿನ ಬೆಳಕು ಬೆಳದಿಂಗಳಿಗಿಂತ ಎಷ್ಟೋ ಜಾಸ್ತಿ. ಪ್ರತಿ ಹುಣ್ಣಿಮೆಗೂ ಸೇವಂತಿಗೆಯ ಲೆಕ್ಕ ತಪ್ಪುವ ಹಾಗಿದ್ದರೆ ಈ ಬೇಸಾಯವೇ ನಡೆಯುತ್ತಿರಲಿಲ್ಲ.

ಚಂದ್ರ ನಿಜವಾಗಿ ಕೈಯಾಡಿಸುವ ಕಡೆಗಳೂ ಇವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವರ್ಷಕ್ಕೊಮ್ಮೆ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಹವಳಗಳು ಒಟ್ಟಿಗೇ ಮೊಟ್ಟೆ, ವೀರ್ಯ ಬಿಡುತ್ತವೆ. ಹವಳ ಗಿಡವಲ್ಲ, ಪ್ರಾಣಿ. ಗಿಡದಲ್ಲಿ ಎಫೆಡ್ರಾ ಎಂಬ ಪೊದೆ ಇದೆ. ಮೆಡಿಟರೇನಿಯನ್ ಪ್ರದೇಶದ ಅದರ ಒಂದು ಜಾತಿ ಜುಲೈ ಹುಣ್ಣಿಮೆಯ ಸುಮಾರಿಗೆ ಪರಾಗ ಹಿಡಿಯುವ ಹನಿಗಳನ್ನು ಹೊರಬಿಡುತ್ತದೆ, ರಾತ್ರಿಯ ಕೀಟಗಳಿಗೆ ಅವು ಹೊಳೆಯುತ್ತವೆ ಎಂದು 2015ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ಬರೆದರು. ಇದನ್ನು ಪ್ರಶ್ನಿಸಿದವರೂ ಇದ್ದಾರೆ.

ಹೊಲಕ್ಕೆ ಹತ್ತಿರದ ವಿಷಯ ಅಂದರೆ ಪತಂಗಗಳದು. ಹುಣ್ಣಿಮೆ ರಾತ್ರಿ ಬೆಳಕಿನ ಬಲೆಗೆ ಪತಂಗ ಕಡಿಮೆ ಬೀಳುತ್ತವೆ. ಅಮಾವಾಸ್ಯೆ ಸುತ್ತಮುತ್ತ ಕಾಯಿಕೊರಕದ ಪತಂಗ ಮೊಟ್ಟೆ ಜಾಸ್ತಿ ಇಡುತ್ತದೆ ಎಂದು ತೊಗರಿ, ಹತ್ತಿ ಬೆಳೆಯುವವರು ಹೇಳುತ್ತಾರೆ. ಆ ದಿನಗಳಲ್ಲಿ ಹೊಲ ಸುತ್ತಿ ಮೊಟ್ಟೆ ಹುಡುಕುವುದು ಒಳ್ಳೆಯ ಅಭ್ಯಾಸ. ಇಲ್ಲಿ ಚಂದ್ರ ಬದಲಿಸುವುದು ಹುಳದ ನಡತೆಯನ್ನು, ಗಿಡದ ಬೆಳವಣಿಗೆಯನ್ನಲ್ಲ.

ಬಿದಿರನ್ನು ಅಮಾವಾಸ್ಯೆ ಹತ್ತಿರ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಎನ್ನುವ ಮಾತೂ ಇದೆ. ಕುಟ್ಟೆ ಹುಳು ಬರುವುದು ಬಿದಿರಿನೊಳಗಿನ ಪಿಷ್ಟಕ್ಕಾಗಿ. ಆ ಪಿಷ್ಟ ಋತುವಿಗೆ, ಬಿದಿರಿನ ವಯಸ್ಸಿಗೆ ತಕ್ಕಂತೆ ಏರಿಳಿಯುತ್ತದೆ. ಬಲಿತ ಬಿದಿರನ್ನು ಮಳೆಗಾಲ ಮುಗಿದ ಮೇಲೆ ಕಡಿದು ನೀರಲ್ಲಿ ನೆನೆಹಾಕುವುದು ನಂಬಬಹುದಾದ ದಾರಿ.

ಬಿತ್ತನೆಯನ್ನೇ ಪರೀಕ್ಷೆ ಮಾಡಿ ನೋಡಿದವರು ಇಲ್ಲವೇ? ಇದ್ದಾರೆ. 1920-30ರ ದಶಕಗಳಲ್ಲಿ ಬಯೋಡೈನಮಿಕ್ ವಲಯದ ಸಂಶೋಧಕಿ ಲಿಲಿ ಕೊಲಿಸ್ಕೊ ಹುಣ್ಣಿಮೆಗೆ ಮುಂಚೆ ಬಿತ್ತಿದರೆ ಬೆಳೆ ಹೆಚ್ಚು ಎಂದು ಹೇಳಿದರು. ಅದೇ ವಲಯದ ಹಾರ್ಟ್‌ಮುಟ್ ಸ್ಪೀಸ್ ಜರ್ಮನಿಯಲ್ಲಿ ರೈ (ಗೋಧಿಯಂಥ ಧಾನ್ಯ), ಮೂಲಂಗಿ ಮೊದಲಾದ ಬೆಳೆಗಳನ್ನು ಹಲವು ವರ್ಷ ಬೇರೆ ಬೇರೆ ದಿನ ಬಿತ್ತಿ ಅಳೆದರು. 1990ರಲ್ಲಿ ಪ್ರಕಟವಾದ ಅವರ ಫಲಿತಾಂಶ ಥುನ್ ಹೇಳಿದ ರಾಶಿಯ ನಿಯಮವನ್ನು ಒಪ್ಪಲಿಲ್ಲ. ಚಂದ್ರನ ಲೆಕ್ಕದಲ್ಲಿ ಕಂಡ ಸಣ್ಣಪುಟ್ಟ ವ್ಯತ್ಯಾಸಗಳು ಹವಾಮಾನದ ಮುಂದೆ ಏನೂ ಅಲ್ಲ ಎನ್ನುವಷ್ಟಿದ್ದವು. ಆ ಪದ್ಧತಿಯ ಒಳಗಿನವರೇ ಹೀಗೆ ನಿಷ್ಠೆಯಿಂದ ಅಳೆದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. 2020ರಲ್ಲಿ ಸ್ಪೇನಿನ ವೆಲೆನ್ಸಿಯಾದ ಸಂಶೋಧಕರು ಭೌತಶಾಸ್ತ್ರ, ಸಸ್ಯಶಾಸ್ತ್ರ ಎರಡೂ ಕಡೆಯ ಬರಹಗಳನ್ನು ಒಟ್ಟು ಹಾಕಿ ನೋಡಿ, ಬೇಸಾಯದಲ್ಲಿ ಚಂದ್ರನ ಪ್ರಭಾವಕ್ಕೆ ನಂಬಲರ್ಹ ಆಧಾರ ಇಲ್ಲ ಎಂದರು.

ಆದರೂ 'ನಾನು ಶುಕ್ಲ ಪಕ್ಷದಲ್ಲಿ ಹಾಕಿದ್ದು ಚೆನ್ನಾಗಿ ಬಂತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಚೆನ್ನಾಗಿಯೇ ಬಂದಿರುತ್ತದೆ. ದಿನ ಗೊತ್ತುಮಾಡಿಕೊಂಡವರು ಮೊದಲೇ ಮಡಿ ಸಿದ್ಧಮಾಡುತ್ತಾರೆ, ಗೊಬ್ಬರ ಹಾಕುತ್ತಾರೆ, ಒಳ್ಳೆಯ ಬೀಜ ತರುತ್ತಾರೆ. ಶ್ರದ್ಧೆಯಿಂದ ಮಾಡಿದ ಕೆಲಸ ಫಲ ಕೊಟ್ಟೇ ಕೊಡುತ್ತದೆ. ಕುಂಡದಲ್ಲಿ ನಾಲ್ಕು ಗಿಡ ಬೆಳೆಯುವವರು ಚಂದ್ರ ನೋಡಿ ಬಿತ್ತಿದರೆ ಯಾವ ನಷ್ಟವೂ ಇಲ್ಲ. ನೀರು ಕೈಯಲ್ಲೇ ಇರುತ್ತದೆ.

ಮಳೆ ನಂಬಿದ ಹೊಲದಲ್ಲಿ ಮಾತ್ರ ಲೆಕ್ಕ ಬೇರೆ. 'ಹದ ನೋಡಿ ಹರಗು, ಬೆದೆ ನೋಡಿ ಬಿತ್ತು' ಎನ್ನುತ್ತದೆ ನಮ್ಮ ಗಾದೆ. ಬೆದೆ ಅಂದರೆ ಬೀಜ ಮೊಳೆಯಲು ತಕ್ಕಷ್ಟು ಹಸಿ ಮಣ್ಣಲ್ಲಿರುವ ಹೊತ್ತು. ಕೆಂಪು ಮಣ್ಣಿನಲ್ಲಿ ಬಿಸಿಲು ಬಿದ್ದರೆ ಅದು ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಕೃಷ್ಣ ಪಕ್ಷ ಮುಗಿಯಲಿ ಎಂದು ಒಂದು ವಾರ ಕಾದರೆ ಬೆದೆ ಹೋಗಿರುತ್ತದೆ. ಮತ್ತೆ ಮಳೆ ಯಾವಾಗಲೋ. ತಡವಾಗಿ ಬಿತ್ತಿದ ಬೆಳೆ ಹೂ ಬಿಡುವ ಹೊತ್ತಿಗೆ ಮಳೆ ನಿಂತಿರುತ್ತದೆ. ಚಂದ್ರನಿಗಾಗಿ ಬೆದೆ ಕಳೆದುಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನೀವೇ ಪರೀಕ್ಷೆ ಮಾಡಬೇಕು ಅನಿಸಿದರೆ ಖಂಡಿತ ಮಾಡಿ. ಮೂಲಂಗಿ ಒಳ್ಳೆಯದು, ಒಂದು ತಿಂಗಳಿಗೆಲ್ಲ ಕೀಳಲು ಬರುತ್ತದೆ. ಒಂದೇ ಪೊಟ್ಟಣದ ಬೀಜ, ಒಂದೇ ಮಣ್ಣು, ಒಂದೇ ಬಿಸಿಲು ಬೀಳುವ ಜಾಗ ಇರಲಿ. ಎರಡು ಪಕ್ಷಗಳ ನಡುವೆ ಹದಿನೈದು ದಿನದ ಅಂತರ ಇದ್ದೇ ಇರುತ್ತದೆ, ಅಷ್ಟರಲ್ಲಿ ಹವಾಮಾನ ಬದಲಾಗುತ್ತದೆ. ಅದಕ್ಕೇ ಒಂದು ಸಲದ ಫಲಿತಾಂಶ ಏನನ್ನೂ ಹೇಳುವುದಿಲ್ಲ. ವರ್ಷವಿಡೀ ಪ್ರತಿ ಪಕ್ಷದಲ್ಲೂ ಬಿತ್ತಿ, ಪ್ರತಿ ಸಲವೂ ಬಿತ್ತಿದ ಮೇಲೆ ಅಷ್ಟೇ ದಿನಕ್ಕೆ ಕಿತ್ತು ತೂಕ ಬರೆದಿಡಬೇಕು. ತೂಗುವವರಿಗೆ ಯಾವ ಗಡ್ಡೆ ಯಾವ ಪಕ್ಷದ್ದು ಎಂದು ಹೇಳಬಾರದು.