ಪೌಂಡ್ ಚಿಹ್ನೆಯಾಗಿ ಕುಳಿತ ನಕಾರ

ಕನ್ನಡ ಟೈಪಿಂಗಿನ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದಿಟ್ಟ ಫೈಲನ್ನು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ ಸಾಲುಗಟ್ಟಿ ಬರುತ್ತವೆ. ಫೈಲೇನೂ ಕೆಟ್ಟಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಮೊದಲಿನಿಂದಲೂ ಇದ್ದದ್ದು ಇದೇ. ಪಿ ಬಂದಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರ, ಪೌಂಡ್ ಬಂದಲ್ಲಿ ನಕಾರದ ಚಿತ್ರ ತೋರಿಸುತ್ತಿದ್ದದ್ದು ಫಾಂಟು.

ಈಗ ಇಂಥ ಫಾಂಟನ್ನು ನಂಬಿಕೊಂಡ ಗ್ರಂಥಾಲಯದ ತಂತ್ರಾಂಶವೊಂದನ್ನು ಊಹಿಸಿಕೊಳ್ಳಿ. ವಿಶುವಲ್ ಬೇಸಿಕ್ 6 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ವಿಂಡೋಸ್ ಬಿಟ್ಟು ಕದಲದು. ಅದನ್ನು ಲಿನಕ್ಸ್‌ನಲ್ಲೂ ಫೋನಿನಲ್ಲೂ ನಡೆಯುವಂತೆ ಮಾಡಬೇಕು. ಎಷ್ಟು ಕೆಲಸ?

ಸಾಮಾನ್ಯವಾಗಿ ಮೊದಲು ಕೋಡಿನ ಸಾಲುಗಳನ್ನು ಎಣಿಸುತ್ತಾರೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ಎಲ್ಲೆಲ್ಲಿ ಮುಟ್ಟಿದ್ದಾರೆ, ‘ಸಿ ಡ್ರೈವ್’ ಎಂದು ಎಲ್ಲಿ ನೇರವಾಗಿ ಬರೆದುಬಿಟ್ಟಿದ್ದಾರೆ ಎಂದು ಹುಡುಕುತ್ತಾರೆ. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ವಿಂಡೋಸಿಗೆ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಇವೆಲ್ಲ ಹುಡುಕಿದರೆ ಸಿಗುವ ತೊಡಕುಗಳು. ನನ್ನ ಪ್ರಕಾರ ನಿದ್ದೆಗೆಡಿಸಬೇಕಾದದ್ದು ಕೋಡಲ್ಲ, ದತ್ತಾಂಶ.

ದತ್ತಾಂಶವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಇಂದಿನ ವ್ಯವಸ್ಥೆಗೆ, ಬದಲಿಸಬೇಕು. ಅದರಲ್ಲಿ ಕನ್ನಡಕ್ಕೆಂದೇ 128 ಮನೆಗಳಿವೆ, ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಕೂರುತ್ತವೆ. ‘ಕರ್ನಾಟಕ’ದಲ್ಲಿ ‘ರ್’ ಮೊದಲು, ‘ನಾ’ ಆಮೇಲೆ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮ: ‘ನಾ’ ಮೊದಲು, ಅರ್ಕಾವತ್ತು ಆಮೇಲೆ. ಅಕಾರಾದಿ ಜೋಡಣೆಗೂ ಆಗಿನವರು ತಮ್ಮದೇ ಉಪಾಯ ಮಾಡಿಕೊಂಡಿರುತ್ತಾರೆ. ಹೊಸ ದತ್ತಾಂಶದ ಮೇಲೆ ಅದೇ ಕೋಡು ಓಡಿದರೆ ಪಟ್ಟಿ ಚೆಲ್ಲಾಪಿಲ್ಲಿ.

ಅಕ್ಷರಗಳ ಕ್ರಮ ಬದಲಿಸುವುದನ್ನು ಪರಿವರ್ತಕ, ಅಂದರೆ ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವ ತಂತ್ರಾಂಶ, ನಿಭಾಯಿಸೀತು. ಇನ್ನೊಂದನ್ನು ನಿಭಾಯಿಸಲಾರದು. ವರ್ಡ್ ಫೈಲಿನಲ್ಲಿ ಯಾವ ಪಠ್ಯಕ್ಕೆ ಯಾವ ಫಾಂಟು ಎಂಬ ಮಾಹಿತಿಯೂ ಇರುತ್ತದೆ. ಡೇಟಾಬೇಸಿನ ಸಾದಾ ಪಠ್ಯದಲ್ಲಿ ಅದಿಲ್ಲ. ಅಲ್ಲಿರುವ ‘ಕ್ಯೂ’ ಇಂಗ್ಲಿಷ್ ಅಕ್ಷರವೋ, ನುಡಿಯ ‘ಕಿ’ಯೋ? ಕಣ್ಣುಮುಚ್ಚಿ ಪರಿವರ್ತಿಸಿದರೆ ‘ಕ್ಯೂ 12’ನೇ ಕಪಾಟು ‘ಕಿ 12’ ಆಗಿ ಕೂರುತ್ತದೆ.

ಉತ್ತರ ಇರುವುದು ಹಳೆಯ ತಂತ್ರಾಂಶದ ಪರದೆಯಲ್ಲಿ. ಪರದೆಯ ಯಾವ ಪೆಟ್ಟಿಗೆಗೆ ಯಾವ ಫಾಂಟು ಎಂಬುದನ್ನು ಅದರ ಫಾರಂ ಫೈಲುಗಳು, ಅಂದರೆ ಮೂಲ ಕೋಡಿನಲ್ಲಿ ಪರದೆಯ ವಿನ್ಯಾಸ ಬರೆದಿಟ್ಟ ಫೈಲುಗಳು, ಹೇಳುತ್ತವೆ. ಮೂಲ ಕೋಡು ಕಳೆದುಹೋಗಿದ್ದರೆ ಹಳೆಯ ಕಂಪ್ಯೂಟರನ್ನೇ ಚಾಲೂ ಮಾಡಿ, ಒಂದೊಂದೇ ಪರದೆ ತೆರೆದು, ಯಾವುದು ಕನ್ನಡ ಎಂದು ಕಣ್ಣಾರೆ ಕಂಡು ಗುರುತು ಹಾಕಿಕೊಳ್ಳಬೇಕು.